ಆರು ತಿಂಗಳ ನರ್ಸಿಂಗ್ ಕೋರ್ಸ್: ಕಟ್ಟಿದ ಹಣಕ್ಕೆ ಸಿಗುವುದೇನು?

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಕೂಡಲೇ ಊರೂರಿನ ಗೋಡೆಗಳ ಮೇಲೂ ಮೊಬೈಲ್ ಪರದೆಗಳ ಮೇಲೂ ‘ಆರು ತಿಂಗಳಲ್ಲಿ ನರ್ಸಿಂಗ್ ಅಸಿಸ್ಟೆಂಟ್’, ‘ಕೆಲಸ ಗ್ಯಾರಂಟಿ’ ಎಂಬ ಧಾಟಿಯ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ಮಗಳನ್ನು ಡಾಕ್ಟರ್ ಇರಲಿ, ನರ್ಸ್ ಓದಿಸುವುದಕ್ಕೂ ಶಕ್ತಿಯಿಲ್ಲದ ಮನೆಗಳಿಗೆ ಇದು ಕೈಗೆಟುಕುವ ದಾರಿಯಂತೆ ತೋರುವುದು ಸಹಜ. ಶುಲ್ಕ ಎಷ್ಟು, ಕಂತಿನಲ್ಲಿ ಕಟ್ಟಬಹುದೇ ಎಂದು ಎಲ್ಲರೂ ವಿಚಾರಿಸುತ್ತಾರೆ. ಕೋರ್ಸ್ ಮುಗಿಸಿದವರ ಹೆಸರು ಯಾವ ಮಂಡಳಿಯಲ್ಲಿ ನೋಂದಣಿಯಾಗುತ್ತದೆ ಎಂದು ವಿಚಾರಿಸುವವರು ಕಡಿಮೆ. ಹಾಕಿದ ಹಣ ಹುಟ್ಟುತ್ತದೆಯೋ ಮುಳುಗುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಪ್ರಶ್ನೆಯೇ.

ಕಾನೂನು ಏನು ಹೇಳುತ್ತದೆ ನೋಡೋಣ. ಸಂಸತ್ತು 2021ರಲ್ಲಿ ಅಂಗೀಕರಿಸಿದ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಪ್ರಕಾರ, ಸಹಾಯಕ ಆರೋಗ್ಯ ವೃತ್ತಿಪರ ಅನ್ನಿಸಿಕೊಳ್ಳಲು ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2,000 ಗಂಟೆಗಳ ಡಿಪ್ಲೊಮಾ ಅಥವಾ ಪದವಿ ಬೇಕು. ದಿನಕ್ಕೆ ಆರು ಗಂಟೆಯಂತೆ ವಾರಕ್ಕೆ ಆರು ದಿನ ಪಾಠ ನಡೆದರೂ ಆರು ತಿಂಗಳಲ್ಲಿ ಸಾವಿರ ಗಂಟೆ ತುಂಬುವುದಿಲ್ಲ. ಅಂದರೆ ಎಷ್ಟೇ ಪ್ರಾಮಾಣಿಕವಾಗಿ ಕಲಿಸಿದರೂ ಇಷ್ಟು ಚಿಕ್ಕ ಕೋರ್ಸ್ ಆ ಮೆಟ್ಟಿಲನ್ನು ಮುಟ್ಟಲಾರದು. ನರ್ಸ್ ಆಗುವ ದಾರಿಯೂ ಬೇರೆಯೇ. ಸಹಾಯಕ ನರ್ಸ್ ಮತ್ತು ಸೂಲಗಿತ್ತಿ (ಎಎನ್‌ಎಂ) ಕೋರ್ಸಿಗೆ ಎರಡು ವರ್ಷ, ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ (ಜಿಎನ್‌ಎಂ) ಕೋರ್ಸಿಗೆ ಮೂರು ವರ್ಷ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಓದಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಆರು ತಿಂಗಳ ಸರ್ಟಿಫಿಕೇಟ್ ಹಿಡಿದ ಹುಡುಗಿ ವಾರ್ಡಿನಲ್ಲಿ ಎಷ್ಟು ವರ್ಷ ದುಡಿದರೂ ಆ ಅನುಭವದ ಬಲದಿಂದಲೇ ನರ್ಸ್ ಆಗಲಾರಳು. ಮೇಲೇರಬೇಕೆಂದರೆ ಮೊದಲಿನಿಂದ ಓದಬೇಕು. ಹಾಗಾಗಿ ಕೋರ್ಸಿನ ಖರ್ಚು ಎಂದರೆ ರಸೀದಿಯಲ್ಲಿರುವ ಮೊತ್ತವಷ್ಟೇ ಅಲ್ಲ. ಮುಂದೆ ಮತ್ತೆ ಓದಬೇಕಾದ ವರ್ಷಗಳೂ ಆ ಲೆಕ್ಕಕ್ಕೆ ಸೇರುತ್ತವೆ.

ಇದೇ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಕಣ್ಣಮುಂದಿದೆ. ಅಲ್ಲಿ ಕ್ಲಿನಿಕ್‌ಗಳಲ್ಲಿ ರಕ್ತದೊತ್ತಡ ನೋಡುವ, ರೋಗಿಯ ವಿವರ ದಾಖಲಿಸುವ ಮೆಡಿಕಲ್ ಅಸಿಸ್ಟೆಂಟ್‌ಗಳಿಗೆ ಬೇಡಿಕೆಯೇನೂ ಕಡಿಮೆಯಿಲ್ಲ. ಅದೇ ಬೇಡಿಕೆಯನ್ನು ತೋರಿಸಿ ಲಾಭಕ್ಕಾಗಿ ನಡೆಯುವ ಕಾಲೇಜುಗಳು ದುಬಾರಿ ಸರ್ಟಿಫಿಕೇಟ್‌ಗಳನ್ನು ಮಾರಿದವು. ಈ ಬಗೆಯ ಕೋರ್ಸುಗಳನ್ನು ನಡೆಸುತ್ತಿದ್ದ ಕೊರಿಂಥಿಯನ್ ಕಾಲೇಜು ಸಮೂಹ 2015ರಲ್ಲಿ ಬಾಗಿಲು ಮುಚ್ಚಿತು. 2022ರಲ್ಲಿ ಅಲ್ಲಿನ ಸರ್ಕಾರ ಅದರ ಸುಮಾರು 5.6 ಲಕ್ಷ ವಿದ್ಯಾರ್ಥಿಗಳ 580 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡಬೇಕಾಯಿತು. ಸ್ಟೆಫನಿ ಸೆಲ್ಲಿನಿ ಮತ್ತು ನಿಕೊಲಸ್ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಖಾಸಗಿ ಕಾಲೇಜುಗಳಲ್ಲಿ ಸರ್ಟಿಫಿಕೇಟ್ ಓದಿದವರ ಗಳಿಕೆ ಸರ್ಕಾರಿ ಸಮುದಾಯ ಕಾಲೇಜುಗಳಲ್ಲಿ ಓದಿದವರಿಗಿಂತ ಕಡಿಮೆ, ಸಾಲ ಮಾತ್ರ ಹೆಚ್ಚು. ಕ್ಷೇತ್ರದಲ್ಲಿ ಕೆಲಸ ಇದೆ ಎಂದಮಾತ್ರಕ್ಕೆ ಆ ಕ್ಷೇತ್ರದ ಹೆಸರಿಟ್ಟುಕೊಂಡ ಕೋರ್ಸ್‌ಗಳೆಲ್ಲ ಹಣ ತಂದುಕೊಡುವುದಿಲ್ಲ.

ಬಡವರು ಎರಡು–ಮೂರು ವರ್ಷ ಕಾಯುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ನಾಳೆಯ ಸಂಬಳವೇ ಮುಖ್ಯವಾದ ಮನೆಗೆ ದೀರ್ಘಾವಧಿಯ ಲೆಕ್ಕ ಹೇಳಿ ಸುಮ್ಮನಾಗುವುದು ಸರಿಯಲ್ಲ. ಆದರೆ ಅಂಥವರೇ ಮೊದಲು ನೋಡಬೇಕಾದದ್ದು ಉಚಿತ ತರಬೇತಿಯನ್ನು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಜನರಲ್ ಡ್ಯೂಟಿ ಅಸಿಸ್ಟೆಂಟ್, ಅಂದರೆ ರೋಗಿಯ ಆರೈಕೆ ಸಹಾಯಕರ ತರಬೇತಿಗೆ ಅಭ್ಯರ್ಥಿ ಶುಲ್ಕ ಕಟ್ಟಬೇಕಿಲ್ಲ. ಗ್ರಾಮೀಣ ಬಡ ಯುವಜನರಿಗಾಗಿ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯೂ ಇದೆ. ಸರ್ಕಾರ ಪುಕ್ಕಟೆ ಕಲಿಸುವುದಕ್ಕೆ ಸಾಲ ಮಾಡಿ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಹಾಗಾದರೆ ಅಲ್ಪಾವಧಿ ತರಬೇತಿಯೇ ವ್ಯರ್ಥವೇ ಎಂದು ಇನ್ನು ಕೆಲವರು ಕೇಳಬಹುದು. ಖಂಡಿತ ಅಲ್ಲ. ಹಾಸಿಗೆ ಹಿಡಿದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಬೆನ್ನುಹುಣ್ಣಾಗದಂತೆ ಕಾಯುವುದು, ಬಿಸಿನೀರಲ್ಲಿ ಮೈ ಒರೆಸುವುದು, ಮೂತ್ರದ ಚೀಲ ಖಾಲಿ ಮಾಡುವ ಮುನ್ನ ಅಳತೆ ಬರೆದಿಡುವುದು, ಇವೆಲ್ಲ ಕಲಿತೇ ಮಾಡಬೇಕಾದ ಕೆಲಸಗಳು. ಮನೆಮನೆಯಲ್ಲೂ ವೃದ್ಧರಿರುವ ಈ ಕಾಲದಲ್ಲಿ ಇಂಥ ಕೈಗಳು ಸಮಾಜಕ್ಕೆ ಬೇಕೇ ಬೇಕು. ಈ ಕೆಲಸವನ್ನು ಅದರ ಹೆಸರಿನಿಂದಲೇ ಕರೆದು, ಗೌರವದ ಸಂಬಳ ಕೊಟ್ಟರೆ ಯಾರ ತಕರಾರೂ ಇಲ್ಲ. ರೋಗಿಯ ಆರೈಕೆಗೆ ತಯಾರು ಮಾಡುವ ಕೋರ್ಸನ್ನು ನರ್ಸಿಂಗ್ ಎಂದು ನಂಬಿಸಿ ನರ್ಸಿಂಗ್ ಕನಸಿನ ಬೆಲೆ ವಸೂಲು ಮಾಡುವುದೇ ಅನ್ಯಾಯ.

ಇದನ್ನು ತಡೆಯಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಆರೋಗ್ಯ ಕೋರ್ಸ್ ನಡೆಸುವ ಪ್ರತಿ ಸಂಸ್ಥೆಯೂ ತನಗೆ ಮಾನ್ಯತೆ ಕೊಟ್ಟ ಮಂಡಳಿ ಯಾವುದು, ಓದಿದವರಿಗೆ ನೋಂದಣಿ ಉಂಟೋ ಇಲ್ಲವೋ, ಒಟ್ಟು ಶುಲ್ಕ ಎಷ್ಟು ಎಂಬುದನ್ನು ಜಾಹೀರಾತಿನಲ್ಲೂ ಪ್ರವೇಶ ಅರ್ಜಿಯಲ್ಲೂ ಕನ್ನಡದಲ್ಲಿ ದೊಡ್ಡದಾಗಿ ಅಚ್ಚು ಹಾಕಬೇಕೆಂದು ಸರ್ಕಾರ ಆದೇಶಿಸಲಿ. ಅಲ್ಲಿಯವರೆಗೆ ತಂದೆ–ತಾಯಂದಿರು ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಲಿ. ಬರೆದು ಕೊಡಲು ಹಿಂಜರಿಯುವ ಸಂಸ್ಥೆಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.