ಎಲೆ ಹಳದಿಯಾದರೆ ಕಬ್ಬಿಣದ ಕೊರತೆಯೇ?

ಮೀನಿನ ತೊಟ್ಟಿಯಲ್ಲಿ ಗಿಡ ಬೆಳೆಸುವವರ ಮಾತು ಕೇಳುತ್ತಿದ್ದರೆ ತರ್ಕದ ತಪ್ಪುಗಳಿಗೆ ಬೇರೆ ಉದಾಹರಣೆ ಹುಡುಕಬೇಕಿಲ್ಲ. ಎಲೆ ಹಳದಿಯಾದರೆ ಸಾಕು, "ಕಬ್ಬಿಣ ಕಮ್ಮಿಯಾಗಿದೆ, ಬಾಟಲಿ ತನ್ನಿ" ಎನ್ನುತ್ತಾರೆ. ಕಬ್ಬಿಣದ ಕೊರತೆಯಿಂದ ಎಲೆ ಹಳದಿಯಾಗುವುದು ನಿಜ. ಆದರೆ ಹಳದಿಯಾದ ಎಲೆಗೆಲ್ಲ ಕಬ್ಬಿಣದ ಕೊರತೆಯೇ ಕಾರಣ ಎನ್ನಲು ಬರುವುದಿಲ್ಲ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಒದ್ದೆಯಾದ ಅಂಗಳಕ್ಕೆ ಮಳೆಯೇ ಬಂದಿರಬೇಕೆಂದಿಲ್ಲ, ಪಾತ್ರೆ ತೊಳೆದ ನೀರನ್ನೂ ಯಾರಾದರೂ ಚೆಲ್ಲಿರಬಹುದು.

ಮೊದಲು ಯಾವ ಎಲೆ ಹಳದಿಯಾಗಿದೆ ಎಂದು ನೋಡಿ. ಸಾರಜನಕ ಸಾಲದಿದ್ದಾಗ ಗಿಡವು ಹಳೆಯ ಎಲೆಗಳಲ್ಲಿರುವುದನ್ನು ಹಿಂತೆಗೆದು ಚಿಗುರಿಗೆ ಕಳುಹಿಸುತ್ತದೆ. ಆದ್ದರಿಂದ ಬುಡದ ಎಲೆಗಳು ಮೊದಲು ಬಾಡುತ್ತವೆ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಅಷ್ಟಾಗಿ ಆಗದು. ಅದು ಸಾಲದಿದ್ದರೆ ತುದಿಯ ಎಳೆಯ ಎಲೆ ಬಿಳಿಚಿಕೊಳ್ಳುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇನ್ನು ನೆರಳಿಗೆ ಸಿಕ್ಕಿ ಮುದಿಯಾದ ಎಲೆಯೂ ಹಳದಿಯೇ. ಅದಕ್ಕೆ ಕತ್ತರಿಯೊಂದೇ ಮದ್ದು!

ಶ್ರೀಲಂಕಾ ಮೂಲದ ಕ್ರಿಪ್ಟೊಕೊರೈನ್ ವೆಂಡ್ಟಿ ಎಂಬ ಗಿಡ ಇನ್ನೊಂದು ಪಾಠ ಕಲಿಸುತ್ತದೆ. ನರ್ಸರಿಗಳಲ್ಲಿ ಇಂಥ ಗಿಡಗಳ ಎಲೆಗಳನ್ನು ಹೆಚ್ಚಾಗಿ ನೀರಿನಿಂದ ಹೊರಗೇ ಬೆಳೆಸುತ್ತಾರೆ. ತಂದು ತೊಟ್ಟಿಯಲ್ಲಿ ಮುಳುಗಿಸಿದ ಕೆಲವೇ ದಿನಗಳಲ್ಲಿ ಎಲೆಗಳು ಕರಗಿಹೋಗುವುದುಂಟು. ಬೇರು ಗಟ್ಟಿಯಾಗಿದ್ದರೆ ಕೆಲವು ವಾರಗಳಲ್ಲಿ ನೀರಿಗೆ ಹೊಂದುವ ಹೊಸ ಎಲೆ ತಾನಾಗಿಯೇ ಬರುತ್ತದೆ. ಈ ನಡುವೆ ಒಬ್ಬರು ಗಿಡ ಸತ್ತಿತೆಂದು ಕಿತ್ತೆಸೆಯುತ್ತಾರೆ. ಇನ್ನೊಬ್ಬರು ಯಾವುದೋ ಔಷಧ ಹಾಕುತ್ತಾರೆ, ಚಿಗುರು ಬಂದಾಗ ಔಷಧದ ಗುಣವನ್ನು ನೆರೆಹೊರೆಗೆಲ್ಲ ಸಾರುತ್ತಾರೆ. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಯಿತು ಎಂದ ಅಜ್ಜಿಯ ಲೆಕ್ಕವೇ ಇದು. ಮಕ್ಕಳ ನೆಗಡಿಯ ವಿಷಯದಲ್ಲೂ ನಮ್ಮಲ್ಲಿ ಈ ಲೆಕ್ಕ ಧಾರಾಳವಾಗಿ ನಡೆಯುತ್ತದೆ.

ತಿಳಿದವರಲ್ಲೂ ಆತುರವಿಲ್ಲದಿಲ್ಲ. 1996ರಲ್ಲಿ ಪಾಲ್ ಸಿಯರ್ಸ್ ಮತ್ತು ಕೆವಿನ್ ಕಾನ್ಲಿನ್ ಎಂಬವರು ಫಾಸ್ಫೇಟನ್ನು ಮಿತಿಗೊಳಿಸಿದರೆ ಪಾಚಿ ಹತೋಟಿಗೆ ಬರುತ್ತದೆಂದು ಬರೆದರು. ಅದು ಜನರ ಬಾಯಲ್ಲಿ "ಫಾಸ್ಫೇಟೇ ಪಾಚಿಗೆ ಕಾರಣ" ಎಂದಾಯಿತು. ಆಮೇಲೆ ಅಮೆರಿಕದ ಟಾಮ್ ಬಾರ್ ಗಿಡ ದಟ್ಟವಾಗಿದ್ದ ತೊಟ್ಟಿಗೆ ಬೇಕೆಂದೇ ಫಾಸ್ಫೇಟ್ ಹಾಕಿ ನೋಡಿದರು. ಪಾಚಿ ಬರಲಿಲ್ಲ. "ಯಾವಾಗಲೂ" ಎಂಬ ಮಾತನ್ನು ಕೆಡವಲು ಇಂಥ ಒಂದೇ ತೊಟ್ಟಿ ಸಾಕು. ಫಾಸ್ಫೇಟ್ ಹೆಚ್ಚಿರುವ ಕಡೆ ಕೊಳೆಯೂ ಅಮೋನಿಯವೂ ಹೆಚ್ಚಿರುವುದುಂಟು, ಅವನ್ನು ಯಾರೂ ಅಳೆದಿರುವುದಿಲ್ಲ.

ಬೆಳಕು, ಗೊಬ್ಬರ, ನೀರು ಮೂರನ್ನೂ ಒಂದೇ ದಿನ ಬದಲಿಸಿದವರಿಗೆ ಗಿಡ ಚೇತರಿಸಿದರೂ ಯಾವುದರಿಂದ ಎಂದು ತಿಳಿಯದು. ಒಂದನ್ನೇ ಬದಲಿಸಿ, ತಾರೀಕು ಬರೆದಿಟ್ಟು, ಎರಡು ಮೂರು ವಾರ ಕಾಯಿರಿ. ಹಾಳಾದ ಹಳೆಯ ಎಲೆ ಸರಿಹೋಗುವುದು ಅಪರೂಪ, ಹೊಸ ಎಲೆಯನ್ನೇ ಗಮನಿಸಿ. ಆತುರದ ಬೆಲೆ ತೆರುವುದು ಗಿಡವೊಂದೇ ಅಲ್ಲ. ಕೆಲವು ಪಾಚಿನಾಶಕಗಳಲ್ಲಿ ತಾಮ್ರವಿರುತ್ತದೆ. ಅದೇ ತೊಟ್ಟಿಯಲ್ಲಿರುವ ಸಿಗಡಿಗೂ ಬಸವನಹುಳಕ್ಕೂ ತಾಮ್ರ ವಿಷ.