ಕಿಟಕಿಗೆ ಅಂಟಿಸಿದ ಫಾಯಿಲ್

ನಮ್ಮ ಬಡಾವಣೆಯಲ್ಲಿ ಮನೆಮನೆಗೆ ಹಂಚಿದ ಕರಪತ್ರವನ್ನು ಎರಡು ಸಲ ಓದಿದೆ. ಮೊಬೈಲ್ ಟವರಿನ ತರಂಗಗಳಿಂದ ನಿದ್ದೆಗೇಡು, ಮರೆವು, ಖಿನ್ನತೆ ಬರುತ್ತವೆ, ಟವರ್ ತೆಗೆಸಲು ಸಹಿ ಹಾಕಿ ಎಂದು ಅದರಲ್ಲಿದೆ. ಬರೆದವರು ನೆರೆಹೊರೆಯವರೇ, ಅವರ ಕಾಳಜಿ ನಿಜವಾದದ್ದು. ಆದರೆ ವಾದ ತಪ್ಪು. ಇಂಥದೇ ತಪ್ಪಿಗೆ ನಮ್ಮ ಮನೆಯವರು ಬೆಲೆ ತೆತ್ತಿದ್ದಾರೆ.

ತರಂಗಗಳಿಂದ ಮಿದುಳು ಬದಲಾಗುವುದನ್ನು ಅಮೆರಿಕದ ವಿಜ್ಞಾನಿಗಳೇ ತೋರಿಸಿದ್ದಾರೆ ಎಂದು ಕರಪತ್ರದಲ್ಲಿ ಹೇಳುತ್ತೀರಿ. ಅದು 2011ರ ನೋರಾ ವೋಲ್ಕೋವ್ ತಂಡದ ಪ್ರಯೋಗ. 47 ಮಂದಿಯ ಕಿವಿಯ ಬಳಿ ಫೋನ್ ಇಟ್ಟು, ಸದ್ದಿಲ್ಲದಂತೆ 50 ನಿಮಿಷ ಕರೆ ನಡೆಸಿದಾಗ ಆಂಟೆನಾಕ್ಕೆ ಹತ್ತಿರದ ಮಿದುಳಿನ ಭಾಗದಲ್ಲಿ ಗ್ಲೂಕೋಸ್ ಬಳಕೆ ಸುಮಾರು 7% ಏರಿತು. ಇದರಿಂದ ಆರೋಗ್ಯಕ್ಕೆ ಏನಾಗುತ್ತದೋ ತಿಳಿಯದು ಎಂದು ಅದೇ ತಂಡ ಬರೆದಿತ್ತು. ಆ ಸಾಲನ್ನು ಕರಪತ್ರ ಬಿಟ್ಟಿದೆ. ಅಲ್ಲದೆ ಅದು ಕಿವಿಗೆ ಹಿಡಿದ ಫೋನಿನ ಮಾತು. ಟವರ್ ದೂರವಾದಷ್ಟೂ ಸಿಗ್ನಲ್ ಹುಡುಕುತ್ತಾ ಫೋನೇ ಹೆಚ್ಚು ಶಕ್ತಿ ಹೊರಸೂಸುತ್ತದೆ. ನೀವು ಕೇಳುತ್ತಿರುವ ಪರಿಹಾರ ತಲೆಗೆ ತಗಲುವ ತರಂಗವನ್ನು ಹೆಚ್ಚಿಸೀತೇ ಹೊರತು ತಗ್ಗಿಸದು.

ಸರ್ಕಾರ ಕಣ್ಣು ಮುಚ್ಚಿದೆ ಎಂಬ ದೂರು. 2012ರ ಸೆಪ್ಟೆಂಬರ್‌ನಲ್ಲೇ ಭಾರತ ಟವರುಗಳ ತರಂಗದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದೆ.

"ಹಾಗಾದರೆ ನಮ್ಮ ತಲೆನೋವು ಸುಳ್ಳೇ?" ಖಂಡಿತ ಅಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದವರು, ತರಂಗ ತಾಗಿದರೆ ಬಾಧೆಯಾಗುತ್ತದೆ ಎನ್ನುವವರನ್ನೇ ಕೂರಿಸಿ ಪರೀಕ್ಷಿಸಿದರು. ಫಲಿತಾಂಶ 2007ರಲ್ಲಿ ಬಂತು. ಆಂಟೆನಾ ಚಾಲೂ ಇದೆ ಎಂದು ತಿಳಿಸಿದಾಗ ಅವರಿಗೆ ನಿಜಕ್ಕೂ ಸಂಕಟವಾಯಿತು. ಚಾಲೂ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲದಾಗ ಎರಡಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಭಯ ಮೈಗಿಳಿಯುತ್ತದೆ, ನೋವು ಕೊಡುತ್ತದೆ. ಕರಪತ್ರ ಹಂಚುವಾಗ ನಾವು ಹಂಚುವುದು ಆ ಭಯವನ್ನೂ.

ನನ್ನ ಚಿಕ್ಕಮ್ಮ ಎದುರುಮನೆಯ ತಾರಸಿಯ ಟವರಿಗೆ ಹೆದರಿ, ಚಪಾತಿ ಸುತ್ತುವ ಫಾಯಿಲನ್ನು ಮಲಗುವ ಕೋಣೆಯ ಕಿಟಕಿಗೆಲ್ಲ ಅಂಟಿಸಿದ್ದರು. ಹಗಲಲ್ಲೂ ಕೋಣೆ ಕತ್ತಲು. ಮೈಭಾರ, ಅಳು, ಯಾವುದರಲ್ಲೂ ಮನಸ್ಸಿಲ್ಲ. ಎಲ್ಲಕ್ಕೂ ಟವರೇ ಕಾರಣ ಎಂದು ಎರಡು ವರ್ಷ ನಾವೂ ತಲೆಯಾಡಿಸಿದೆವು. ಕೊನೆಗೆ ಬೇರೇನಕ್ಕೋ ರಕ್ತ ಕೊಟ್ಟಾಗ ಟಿಎಸ್‌ಎಚ್ ವಿಪರೀತ ಏರಿದ್ದು ಕಂಡಿತು. ಅಂದರೆ ಥೈರಾಯ್ಡ್ ಸೋತಿತ್ತು. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಗುಳಿಗೆ ಶುರುವಾಯಿತು. ಕೆಲವು ತಿಂಗಳ ಮೇಲೆ ಅವರೇ ಸ್ಟೂಲು ಹತ್ತಿ ಫಾಯಿಲ್ ಕಿತ್ತರು. ಟವರ್ ಇನ್ನೂ ಅಲ್ಲೇ ಇದೆ.

ಎಲ್ಲರದೂ ಥೈರಾಯ್ಡ್ ಎನ್ನುತ್ತಿಲ್ಲ. ಕೆಲವರದು ಖಿನ್ನತೆಯೇ ಇರಬಹುದು, ಅದಕ್ಕೂ ಚಿಕಿತ್ಸೆಯಿದೆ. ಸಹಿಗೆಂದು ಮತ್ತೆ ಬಂದಾಗ, ನಿದ್ದೆ ಬರುತ್ತಿಲ್ಲ ಎನ್ನುವವರಿಗೆ ಮೊದಲು ಡಾಕ್ಟರನ್ನು ಕಾಣಲು ಹೇಳಿ. ಮುಂದಿನ ಕರಪತ್ರದ ತಲೆಯಲ್ಲಿ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಅದನ್ನು ಹಂಚಲು ನಾನೂ ಬರುತ್ತೇನೆ.