ಪೇಂಟ್ ಹೊಡೆದ್ರೆ ತುಕ್ಕು ಹೋಗಲ್ಲ ಗುರು (ಭಾಗ 3)

ನೇತ್ರಾಣಿಗೆ ಡೈವಿಂಗ್ ಹೋಗ್ತೀರಾ, ಸರಿ. ಮುರುಡೇಶ್ವರದಲ್ಲಿ ಬೋಟ್ ಹತ್ತೋ ಮುಂಚೆ ಹತ್ತು ಸೆಲ್ಫಿ. ಬೆನ್ನಿಗೆ ಕಟ್ಟೋ ಟ್ಯಾಂಕ್ ಕಡೆ ಯಾರಾದ್ರೂ ನೋಡಿದ್ರಾ? "ಫಳಫಳ ಅಂತಿದೆ, ಹೊಸದೇ ಇರ್ಬೇಕು" ಅಂತೀರಾ. ನನಗೆ ಉರಿಯೋದೇ ಈ ಮಾತಿಗೆ.

ಸ್ಟೀಲ್ ಟ್ಯಾಂಕ್‌ನ ಶತ್ರು ಇರೋದು ಒಳಗೆ. ತುಂಬಿದ ಟ್ಯಾಂಕ್‌ನಲ್ಲಿ ಸುಮಾರು 200 ಬಾರ್ ಒತ್ತಡ. ಅಂದ್ರೆ ಆಮ್ಲಜನಕವೂ ಹೊರಗಿನ ಗಾಳಿಗಿಂತ ಹೆಚ್ಚುಕಮ್ಮಿ 200 ಪಟ್ಟು ಒತ್ತೊತ್ತಾಗಿರುತ್ತೆ. ಅಲ್ಲಿಗೆ ಉಪ್ಪುನೀರು ಸೇರಿದ್ರೆ ತುಕ್ಕಿಗೆ ಹಬ್ಬ. ಗೋಡೆ ಸವೆಯುತ್ತೆ. ಅದಕ್ಕಿಂತ ಭಯ ಇನ್ನೊಂದು: ಒಳಗೆ ತೇವ ಇದ್ದು, ತುಂಬಿಸಿ ತಿಂಗಳುಗಟ್ಟಲೆ ಮೂಲೆಗಿಟ್ಟರೆ ತುಕ್ಕು ಆಮ್ಲಜನಕವನ್ನೇ ತಿಂದುಹಾಕಬಹುದು. ಗೇಜ್ ಒತ್ತಡ ಮಾತ್ರ ತೋರಿಸುತ್ತೆ, ಉಸಿರಾಡೋಕೆ ಏನು ಉಳಿದಿದೆ ಅಂತ ಹೇಳಲ್ಲ.

"ನೋಡ್ಕೊಳ್ಳೋಕೆ ಖರ್ಚು ಜಾಸ್ತಿ" ಅನ್ನೋರೇ, ಟ್ಯಾಂಕ್ ಪೂರ್ತಿ ಖಾಲಿ ಮಾಡದೆ ಸ್ವಲ್ಪ ಗಾಳಿ ಉಳಿಸಿದ್ರೆ ನೀರು ಒಳಗೆ ನುಗ್ಗಲ್ಲ. ಅದು ಫ್ರೀ. ತಳದ ಬೂಟ್ ಕಳಚಿ ಸಿಹಿನೀರಲ್ಲಿ ತೊಳೆಯೋದೂ ಫ್ರೀ (ಉಪ್ಪು ಅಡಗಿ ಕೂರೋದೇ ಅಲ್ಲಿ). ತುಂಬಿಸೋ ಮುಂಚೆ ವಾಲ್ವ್ ಬಾಯಲ್ಲಿರೋ ಹನಿ ತೆಗೆಯೋಕೆ ಎರಡು ಸೆಕೆಂಡ್. ವರ್ಷಕ್ಕೊಮ್ಮೆ ವಾಲ್ವ್ ಬಿಚ್ಚಿ, ಲೈಟ್ ಇಳಿಸಿ ಒಳಗೆ ನೋಡಿಸೋಕೆ ಮಾತ್ರ ದುಡ್ಡು. ನಾವು ಬಿಕಾಂನವರು ಸವಕಳಿ ಅಂತ ಲೆಕ್ಕದ ಪುಸ್ತಕದಲ್ಲಿ ಬರೀತೀವಿ. ಇಲ್ಲಿ ಅದು ನಿಮ್ಮ ಬೆನ್ನ ಮೇಲೇ ನಡೀತಿರುತ್ತೆ.

ಅಲ್ಯೂಮಿನಿಯಂ ಆದ್ರೆ ಚಿಂತೆಯಿಲ್ಲ ಅಂತ ಕಮೆಂಟ್ ಹಾಕಬೇಡಿ. ಅದನ್ನೂ ಉಪ್ಪು ತಿನ್ನುತ್ತೆ.

ಟ್ಯಾಂಕ್‌ನ ಹೆಗಲ ಮೇಲೆ ಪ್ರೆಶರ್ ಟೆಸ್ಟ್ ಆದ ತಿಂಗಳು, ವರ್ಷ ಅಚ್ಚೊತ್ತಿರುತ್ತೆ. ಓದಿ. "ಒಳಗೆ ಕೊನೆಗೆ ನೋಡಿದ್ದು ಯಾವಾಗ ಅಣ್ಣಾ?" ಅಂತ ಕೇಳಿ. ಮುಖ ಸಿಂಡರಿಸಿದ್ರೆ ಬೋಟ್ ಹತ್ತಬೇಡಿ.